ಮೆದುಳಿನ ಆಪರೇಷನ್‌ಗೆ ಮುಂಚೆ ಹೇಳುವ ರಿಸ್ಕ್ ಸ್ಕೋರ್: ಪೇಷಂಟ್ ಕಡೆಯವರು ತಿಳಿದುಕೊಳ್ಳುವುದು ಹೇಗೆ?

ಮೆದುಳಿನ ಆಪರೇಷನ್ ಎಂದ ಕೂಡಲೇ ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ, "ಉಳೀತಾರಾ ಡಾಕ್ಟ್ರೇ?" ಹಿಂದೆಲ್ಲ ಇದಕ್ಕೆ "ನಮ್ಮ ಪ್ರಯತ್ನ ಮಾಡ್ತೀವಿ, ಮಿಕ್ಕಿದ್ದು ದೇವರಿಗೆ ಬಿಟ್ಟಿದ್ದು" ಎಂಬ ಉತ್ತರ ಸಿಗುತ್ತಿತ್ತು. ಈಗ ಅದರ ಜೊತೆಗೆ ಒಂದು ಸಂಖ್ಯೆಯೂ ಬರುತ್ತದೆ. "ಸ್ಕೋರ್ 3 ಇದೆ, ರಿಸ್ಕ್ 70 ಪರ್ಸೆಂಟ್ ಮೇಲಿದೆ." ಅಷ್ಟು ಕೇಳಿ ಕೆಲವರು ಅಲ್ಲೇ ಕುಸಿದು ಕೂರುತ್ತಾರೆ. ಕೆಲವರು ಮೂಲೆಗೆ ಹೋಗಿ ಫೋನ್‌ನಲ್ಲಿ ಹುಡುಕಲು ಶುರು ಮಾಡುತ್ತಾರೆ.

ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಹಿಂದೆ ಇಂಥದ್ದೇ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದ ಬೇರೆಯವರಿಗೆ ಏನಾಯಿತು ಎಂಬ ಲೆಕ್ಕ. ನಿಮ್ಮ ಅಪ್ಪನಿಗೆ ಏನಾಗುತ್ತದೆ ಎಂದು ನೇರವಾಗಿ ಹೇಳುವ ಶಕ್ತಿ ಅದಕ್ಕಿಲ್ಲ. ಹಾಗಂತ ಕಡೆಗಣಿಸುವಂಥದ್ದೂ ಅಲ್ಲ. ಯಾವ ಸ್ಕೋರ್, ಎಷ್ಟು ಗಂಟೆಗೆ ಹಾಕಿದ್ದು, ಯಾವ ಪ್ರಶ್ನೆಗೆ ಉತ್ತರ ಎಂಬುದು ಗೊತ್ತಿದ್ದರೆ ಡಾಕ್ಟರ ಜೊತೆ ಮಾತಾಡುವುದು ಸುಲಭವಾಗುತ್ತದೆ.

ಹೆಜ್ಜೆ 1: ಯಾವ ಸ್ಕೋರ್ ಎಂದು ಮೊದಲು ಕೇಳಿ

ಮೆದುಳಿನ ಎಲ್ಲ ಕಾಯಿಲೆಗೂ ಒಂದೇ ಸ್ಕೋರ್ ಇಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಕ್ರ್ಯಾಶ್ ಅಥವಾ ಇಂಪ್ಯಾಕ್ಟ್ ಎಂಬ ಲೆಕ್ಕಾಚಾರ ಬಳಸುತ್ತಾರೆ. ಬಿಪಿ ಏರಿ ಮೆದುಳಿನೊಳಗೇ ರಕ್ತಸ್ರಾವ ಆದವರಿಗೆ ಐಸಿಎಚ್ ಸ್ಕೋರ್. ರಕ್ತನಾಳದಲ್ಲಿ ಬಲೂನಿನಂತೆ ಉಬ್ಬಿದ ಜಾಗ, ಅಂದರೆ ಅನ್ಯೂರಿಸಂ, ಒಡೆದು ಬಂದವರಿಗೆ ಹಂಟ್-ಹೆಸ್ ಅಥವಾ ಡಬ್ಲ್ಯುಎಫ್‌ಎನ್‌ಎಸ್ ಗ್ರೇಡ್. ಗಡ್ಡೆ (ಟ್ಯೂಮರ್) ತೆಗೆಯಲು ದಿನ ಗೊತ್ತುಮಾಡಿ ಮಾಡುವ ಆಪರೇಷನ್‌ಗೆ ಎಎಸ್‌ಎ ಗ್ರೇಡ್, ಕಾರ್ನೋಫ್ಸ್ಕಿ ಅಂಕ, ಫ್ರೇಲ್ಟಿ ಸ್ಕೋರ್.

ಎಲ್ಲ ಸ್ಕೋರೂ ಸಾವಿನ ಲೆಕ್ಕವೇ ಹೇಳುವುದಿಲ್ಲ. ರಕ್ತನಾಳಗಳು ಸಿಕ್ಕುಸಿಕ್ಕಾಗಿ ಬೆಳೆದಿರುವ ಎವಿಎಂ ಕಾಯಿಲೆಗೆ 1986ರಿಂದ ಬಳಸುತ್ತಿರುವ ಸ್ಪೆಟ್ಜ್ಲರ್-ಮಾರ್ಟಿನ್ ಗ್ರೇಡ್ ಇದೆ. ಆಪರೇಷನ್ ಎಷ್ಟು ಕಷ್ಟ, ಆಮೇಲೆ ಕೈಕಾಲು, ಮಾತು, ದೃಷ್ಟಿಗೆ ತೊಂದರೆ ಆಗುವ ಸಾಧ್ಯತೆ ಎಷ್ಟು ಎಂದು ಅಳೆಯಲು ಅದನ್ನು ಮಾಡಿದ್ದು. "ಗ್ರೇಡ್ 4" ಅಂದ ತಕ್ಷಣ ಉಳಿಯುವುದಿಲ್ಲ ಎಂದು ತಿಳಿದುಕೊಂಡರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಗೊಂದಲ ದಿಕ್ಕಿನದು. ಕೆಲವು ಸ್ಕೋರ್ ಏರಿದಷ್ಟೂ ಒಳ್ಳೆಯದು, ಕೆಲವು ಏರಿದಷ್ಟೂ ಕೆಟ್ಟದ್ದು. ರೋಗಿಗೆ ಎಷ್ಟು ಎಚ್ಚರ ಇದೆ ಎಂದು ಅಳೆಯುವ ಗ್ಲಾಸ್ಗೋ ಸ್ಕೋರ್ 15 ಬಂದರೆ ಪೂರ್ತಿ ಎಚ್ಚರ. ಐಸಿಎಚ್ 5 ಬಂದರೆ ಪರಿಸ್ಥಿತಿ ತುಂಬಾ ಗಂಭೀರ. ಒಬ್ಬರೇ ರೋಗಿಗೆ ಒಂದೇ ದಿನ ಎರಡೂ ಹೇಳುತ್ತಾರೆ. ಸಂಖ್ಯೆಯ ಪಕ್ಕ ಸ್ಕೋರಿನ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಗ್ಲಾಸ್ಗೋ ಸ್ಕೋರ್ ನೀವೇ ಅರ್ಥ ಮಾಡಿಕೊಳ್ಳಿ

ಇದೊಂದನ್ನು ಸರಿಯಾಗಿ ಕಲಿತರೆ ಅರ್ಧ ಕೆಲಸ ಮುಗಿದಂತೆ. ತುರ್ತಾಗಿ ಬಂದ ರೋಗಿಗೆ ಹಾಕುವ ಮುಖ್ಯ ಸ್ಕೋರ್‌ಗಳಲ್ಲಿ ಹೆಚ್ಚಿನವು ಇದರ ಮೇಲೇ ನಿಂತಿವೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಗ್ರಹಾಂ ಟೀಸ್ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು ಇದನ್ನು ಪ್ರಕಟಿಸಿದರು.

ಕಣ್ಣಿಗೆ 4 ಅಂಕ. ತಾವಾಗಿ ಕಣ್ಣು ಬಿಟ್ಟಿದ್ದರೆ 4, ಕೂಗಿದರೆ ಬಿಟ್ಟರೆ 3, ನೋವು ಮಾಡಿದರೆ ಬಿಟ್ಟರೆ 2, ಬಿಡದೇ ಇದ್ದರೆ 1.

ಮಾತಿಗೆ 5. ಹೆಸರು, ಜಾಗ, ದಿನ ಸರಿಯಾಗಿ ಹೇಳಿದರೆ 5. ಮಾತಾಡುತ್ತಾರೆ ಆದರೆ ಗೊಂದಲ ಇದೆ ಎಂದರೆ 4. ಬಿಡಿ ಪದಗಳಷ್ಟೇ ಬಂದರೆ 3, ಬರೀ ನರಳಿಕೆ 2, ಸದ್ದೇ ಇಲ್ಲದಿದ್ದರೆ 1.

ಕೈಕಾಲಿನ ಚಲನೆಗೆ 6. ಹೇಳಿದಂತೆ ಮಾಡಿದರೆ 6. ಭುಜದ ಹತ್ತಿರ ಗಟ್ಟಿಯಾಗಿ ಚಿವುಟಿದಾಗ ಆ ಕೈಯನ್ನು ತಳ್ಳಲು ತಮ್ಮ ಕೈ ತಂದರೆ 5. ಸುಮ್ಮನೆ ಎಳೆದುಕೊಂಡರೆ 4. ಕೈ ಅಸಹಜವಾಗಿ ಮಡಚಿದರೆ 3, ಸೆಟೆದು ಚಾಚಿದರೆ 2, ಏನೂ ಇಲ್ಲದಿದ್ದರೆ 1.

ಮೂರನ್ನೂ ಕೂಡಿದರೆ ಹೆಚ್ಚೆಂದರೆ 15, ಕಡಿಮೆ ಎಂದರೆ 3. ಇದರಲ್ಲಿ ಸೊನ್ನೆ ಎಂಬುದೇ ಇಲ್ಲ. "15ಕ್ಕೆ 3 ಇದೆಯಲ್ಲ, ಸ್ವಲ್ಪ ಎಚ್ಚರ ಇದೆ" ಎಂದು ಸಮಾಧಾನ ಪಡುವವರಿದ್ದಾರೆ. 3 ಅಂದರೆ ಕಣ್ಣು, ಮಾತು, ಚಲನೆ ಯಾವುದೂ ಇಲ್ಲ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ, 9ರಿಂದ 12 ಮಧ್ಯಮ, 13 ಅಥವಾ ಹೆಚ್ಚಿದ್ದರೆ ಸೌಮ್ಯ ಎಂದು ವಿಂಗಡಿಸುತ್ತಾರೆ.

ಬರೀ ಮೊತ್ತ ಕೇಳಬೇಡಿ, ಮೂರು ಭಾಗಗಳನ್ನೂ ಕೇಳಿ. ಕೇಸ್ ಶೀಟಿನಲ್ಲಿ ಇದು E2V2M5 ಎಂಬ ರೀತಿ ಇರುತ್ತದೆ: E ಅಂದರೆ ಕಣ್ಣು, V ಮಾತು, M ಚಲನೆ. ಮೊತ್ತ 9 ಎಂಬುದು ಹಲವು ದಾರಿಯಲ್ಲಿ ಬರಬಹುದು, ಅದರಲ್ಲಿ ಕೊನೆಯ ಎಂ ಎಷ್ಟಿದೆ ಎಂಬುದಕ್ಕೆ ಜಾಸ್ತಿ ತೂಕ. ಗಂಟಲಿಗೆ ಟ್ಯೂಬ್ ಹಾಕಿದ್ದರೆ ಮಾತಿನ ಅಂಕ ಕೊಡಲು ಆಗುವುದಿಲ್ಲ. ಅಲ್ಲಿ VT ಎಂದು ಬರೆದಿರುತ್ತಾರೆ, ಅದನ್ನು 1 ಎಂದು ಓದಬಾರದು.

ಇಲ್ಲಿ ಮನೆಯವರು ನಿಜವಾಗಿಯೂ ಸಹಾಯ ಮಾಡಬಹುದಾದ ಒಂದು ಜಾಗ ಇದೆ. ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ನರ್ಸ್‌ಗಳು ಎಲ್ಲೆಲ್ಲಿಂದಲೋ ಬಂದಿರುತ್ತಾರೆ. ತುಳು ಬಿಟ್ಟು ಬೇರೆ ಬಾರದ ಅಜ್ಜಿಗೆ "ಹಾಥ್ ಉಠಾಯಿಯೇ" ಎಂದರೆ ಅವರು ಕೈ ಎತ್ತುವುದಿಲ್ಲ. ಮೆದುಳು ಕೇಳುತ್ತಿಲ್ಲ ಅಂತಲ್ಲ, ಮಾತು ತಿಳಿಯಲಿಲ್ಲ ಅಷ್ಟೇ. ಅಂಕ ಮಾತ್ರ ಇಳಿಯುತ್ತದೆ. "ಸಿಸ್ಟರ್, ಅವರಿಗೆ ತುಳು ಮಾತ್ರ ಬರೋದು, ನಾನು ಪಕ್ಕದಲ್ಲಿ ನಿಂತು ಕೇಳಲಾ?" ಎಂದು ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಿವಿ ಮಂದ ಇದೆಯೇ, ಕಣ್ಣಿನ ಆಪರೇಷನ್ ಆಗಿದೆಯೇ, ಮೊದಲೇ ಲಕ್ವ ಹೊಡೆದು ಒಂದು ಕೈ ಬಿದ್ದಿತ್ತೇ, ಆ ದಿನ ಕುಡಿದಿದ್ದರೇ, ಬರುವಾಗ ಫಿಟ್ಸ್ ಬಂತೇ, ಶುಗರ್ ಇಳಿದಿತ್ತೇ ಎಂಬುದನ್ನೆಲ್ಲ ಡ್ಯೂಟಿ ಡಾಕ್ಟರಿಗೆ ಹೇಳಿ. ಇವೆಲ್ಲ ಅಂಕವನ್ನು ಅಥವಾ ಕಣ್ಣಿನ ಪಾಪೆಯ ಪರೀಕ್ಷೆಯನ್ನು ಕೆಡಿಸುತ್ತವೆ. ಕುಡಿದಿದ್ದನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ನಿದ್ದೆ ಬರಿಸುವ ಔಷಧಿ ಕೊಟ್ಟ ಮೇಲೆ ಹಾಕಿದ ಅಂಕಕ್ಕಂತೂ ಹೆಚ್ಚು ಬೆಲೆ ಇಲ್ಲ.

ಹೆಜ್ಜೆ 3: ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ

ಐಸಿಎಚ್ ಸ್ಕೋರನ್ನು ತೆಗೆದುಕೊಳ್ಳುತ್ತೇನೆ. ಬಿಪಿ ಮಾತ್ರೆ ಬಿಟ್ಟು ಮೆದುಳಿನಲ್ಲಿ ರಕ್ತಸ್ರಾವ ಆಗಿ ಬರುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಮತ್ತು ಈ ಸ್ಕೋರ್ ಕೈಬೆರಳಲ್ಲೇ ಎಣಿಸುವಷ್ಟು ಸರಳ. 2001ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಲಾಡ್ ಹೆಂಫಿಲ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. ಐದು ವಿಷಯ ನೋಡುತ್ತಾರೆ.

- ಗ್ಲಾಸ್ಗೋ 3 ಅಥವಾ 4 ಇದ್ದರೆ 2 ಅಂಕ, 5ರಿಂದ 12 ಇದ್ದರೆ 1, 13 ಅಥವಾ ಹೆಚ್ಚಿದ್ದರೆ 0.
- ರಕ್ತದ ಗಡ್ಡೆ 30 ಎಂಎಲ್ ಅಥವಾ ಹೆಚ್ಚಿದ್ದರೆ 1.
- ರಕ್ತ ಮೆದುಳಿನ ಒಳಗಿನ ನೀರಿನ ಕೋಣೆಗಳಿಗೆ ನುಗ್ಗಿದ್ದರೆ 1.
- ರಕ್ತಸ್ರಾವ ಮೆದುಳಿನ ಕೆಳಭಾಗದಲ್ಲಿ, ಅಂದರೆ ಮೆದುಳುಕಾಂಡ ಅಥವಾ ಹಿಂಮೆದುಳಿನಲ್ಲಿ ಆಗಿದ್ದರೆ 1.
- ವಯಸ್ಸು 80 ಅಥವಾ ಮೇಲಿದ್ದರೆ 1.

ಗಡ್ಡೆಯ ಗಾತ್ರ ಹೇಗೆ ಗೊತ್ತಾಗುತ್ತದೆ? ಸಿಟಿ ಸ್ಕ್ಯಾನಿನಲ್ಲಿ ರಕ್ತ ಬೆಳ್ಳಗೆ ಕಾಣುತ್ತದೆ. ಅದು ಅತಿ ದೊಡ್ಡದಾಗಿ ಕಾಣುವ ಪದರದಲ್ಲಿ ಉದ್ದ ಅಳೆಯುತ್ತಾರೆ, ಅದಕ್ಕೆ ಅಡ್ಡಲಾಗಿ ಅಗಲ ಅಳೆಯುತ್ತಾರೆ. ಎಷ್ಟು ಪದರಗಳಲ್ಲಿ ರಕ್ತ ಕಾಣುತ್ತದೆ, ಒಂದೊಂದು ಪದರ ಎಷ್ಟು ದಪ್ಪ ಎಂಬುದರಿಂದ ಎತ್ತರ ಸಿಗುತ್ತದೆ. ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಎರಡರಿಂದ ಭಾಗಿಸಿದರೆ ಎಂಎಲ್ ಬಂತು.

ಒಬ್ಬ ಕಾಲ್ಪನಿಕ ರೋಗಿ. ವಯಸ್ಸು 68. ಗ್ಲಾಸ್ಗೋ 9. ಗಡ್ಡೆ 5 ಉದ್ದ, 4 ಅಗಲ, 4 ಎತ್ತರ. ಗುಣಿಸಿದರೆ 80, ಅರ್ಧ 40 ಎಂಎಲ್. ರಕ್ತ ನೀರಿನ ಕೋಣೆಗೂ ಹೋಗಿದೆ. ಜಾಗ ಮೇಲ್ಭಾಗದಲ್ಲಿ. ಅಂಕಗಳು: ಗ್ಲಾಸ್ಗೋಗೆ 1, ಗಾತ್ರಕ್ಕೆ 1, ನೀರಿನ ಕೋಣೆಗೆ 1, ಜಾಗಕ್ಕೆ 0, ವಯಸ್ಸಿಗೆ 0. ಒಟ್ಟು 3.

ಮೂಲ ಅಧ್ಯಯನದಲ್ಲಿ 30 ದಿನದೊಳಗೆ ಸತ್ತವರ ಪ್ರಮಾಣ ಹೀಗಿತ್ತು: ಸ್ಕೋರ್ 0 ಇದ್ದವರಲ್ಲಿ ಯಾರೂ ಇಲ್ಲ, 1ಕ್ಕೆ ಶೇ. 13, 2ಕ್ಕೆ ಶೇ. 26, 3ಕ್ಕೆ ಶೇ. 72, 4ಕ್ಕೆ ಶೇ. 97, 5ಕ್ಕೆ ಶೇ. 100. ನಮ್ಮ ರೋಗಿ ಶೇ. 72ರ ಸಾಲಿಗೆ ಬಿದ್ದರು.

ಈಗ ಈ 72ನ್ನು ಹತ್ತಿರದಿಂದ ನೋಡಿ. ಆ ಅಧ್ಯಯನದಲ್ಲಿ ಇದ್ದವರು ಒಟ್ಟು 152 ಜನ. ಸ್ಕೋರ್ 3 ಬಂದವರು 32. ಅವರಲ್ಲಿ 23 ಜನ ತೀರಿಕೊಂಡರು, 9 ಜನ ಉಳಿದರು. ಸ್ಕೋರ್ 5 ಬಂದವರು ಬರೀ 6 ಜನ. ಶೇ. 100 ಎಂಬುದು ಆ ಆರು ಜನರ ಲೆಕ್ಕ. ಆಮೇಲೆ ಬೇರೆ ದೇಶಗಳಲ್ಲೂ ಇದನ್ನು ಪರೀಕ್ಷಿಸಿದ್ದಾರೆ. ಸ್ಕೋರ್ ಏರಿದಂತೆ ಅಪಾಯ ಏರುತ್ತದೆ ಎಂಬುದು ನಿಲ್ಲುತ್ತದೆ. ಆದರೆ ಪ್ರತಿ ಅಂಕಕ್ಕೂ ಅದೇ ಶೇಕಡಾವಾರು ಎಲ್ಲ ಕಡೆ ಬರುತ್ತದೆ ಎಂದೇನಿಲ್ಲ.

ಅಂಚಿನ ತೊಂದರೆಯೂ ಇದೆ. ಗ್ಲಾಸ್ಗೋ 5 ಇದ್ದವರಿಗೂ 12 ಇದ್ದವರಿಗೂ ಇಲ್ಲಿ ಒಂದೇ ಅಂಕ. ನೋಡಿದವರಿಗೆ ಇಬ್ಬರೂ ಅಜಗಜಾಂತರ. ಇನ್ನೊಂದು ಕಡೆ, 12 ಇದ್ದದ್ದು 13 ಎಂದು ಬರೆದರೆ ಸ್ಕೋರಿನಿಂದ ಒಂದು ಅಂಕವೇ ಹೋಗುತ್ತದೆ. ಮೇಲಿನ ತುಳು ಅಜ್ಜಿಯ ಮಾತು ಸುಮ್ನೆ ಹೇಳಿದ್ದಲ್ಲ.

ಹೆಜ್ಜೆ 4: ಕಾಯಿಲೆಯ ರಿಸ್ಕ್ ಬೇರೆ, ಆಪರೇಷನ್ ರಿಸ್ಕ್ ಬೇರೆ

"ಆಪರೇಷನ್ ಮಾಡಿದರೆ 72 ಪರ್ಸೆಂಟ್ ಸಾಯ್ತಾರಂತೆ, ಬೇಡ ಬಿಡಿ." ಇಂಥ ಮಾತು ಸಂಬಂಧಿಕರ ನಡುವೆ ಹುಟ್ಟುವುದು ಹೀಗೆ. ಐಸಿಎಚ್ ಸ್ಕೋರಿನ ಐದು ವಿಷಯಗಳಲ್ಲಿ ಆಪರೇಷನ್ ಎಂಬುದೇ ಇಲ್ಲ. ಅದು ಕಾಯಿಲೆ ಎಷ್ಟು ಜೋರಾಗಿದೆ ಎಂಬುದರ ಅಳತೆ.

ಹಾಗಾಗಿ ಎರಡು ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ. ಆಪರೇಷನ್ ಮಾಡದಿದ್ದರೆ ಏನಾಗಬಹುದು? ಮಾಡಿದರೆ ಅದರಲ್ಲಿ ಎಷ್ಟು ಬದಲಾಗುತ್ತದೆ? ಉತ್ತರ ಕೆಲವೊಮ್ಮೆ ಅಚ್ಚರಿ ಹುಟ್ಟಿಸುತ್ತದೆ. 2005ರಲ್ಲಿ ಪ್ರಕಟವಾದ ಸ್ಟಿಚ್ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಮೆದುಳಿನ ಮೇಲ್ಭಾಗದ ರಕ್ತಸ್ರಾವದ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಬೇಗ ಆಪರೇಷನ್ ಮಾಡಿದವರಲ್ಲಿ ಆರು ತಿಂಗಳಲ್ಲಿ ಶೇ. 36 ಜನ, ಮೊದಲು ಔಷಧಿಯಲ್ಲೇ ನೋಡಿಕೊಂಡವರಲ್ಲಿ ಶೇ. 37 ಜನ ತೀರಿಕೊಂಡರು. ಹೆಚ್ಚುಕಡಿಮೆ ಒಂದೇ.

ಹಿಂಮೆದುಳಿನ ಕಥೆ ಇದಕ್ಕೆ ಉಲ್ಟಾ. ಐಸಿಎಚ್ ಲೆಕ್ಕದಲ್ಲಿ ಅಲ್ಲಿ ರಕ್ತಸ್ರಾವ ಆದರೆ ಒಂದು ಅಂಕ ಜಾಸ್ತಿ, ಅಂದರೆ ಕೆಟ್ಟದ್ದು. ಆದರೆ ಹಿಂಮೆದುಳಿನಲ್ಲಿ ದೊಡ್ಡ ರಕ್ತದ ಗಡ್ಡೆಯಾಗಿ ಎಚ್ಚರ ಇಳಿಯುತ್ತಿರುವ ರೋಗಿಗೆ ಬೇಗ ಆಪರೇಷನ್ ಮಾಡಿ ಎಂದೇ ಮಾರ್ಗಸೂಚಿಗಳು ಹೇಳುತ್ತವೆ, ಏಕೆಂದರೆ ಅಲ್ಲಿ ಅದು ಜೀವ ಉಳಿಸುತ್ತದೆ. ಕೆಟ್ಟ ಸ್ಕೋರ್ ಬಂದವರಿಗೇ ಆಪರೇಷನ್ ಹೆಚ್ಚು ಉಪಯೋಗಕ್ಕೆ ಬರಬಹುದು. ಇದು ಬಹಳ ಜನಕ್ಕೆ ತಲೆಗೆ ಹೋಗುವುದಿಲ್ಲ.

ಹೆಜ್ಜೆ 5: ಅಪಘಾತದ ಕೇಸಾದರೆ

ಕ್ರ್ಯಾಶ್ ಲೆಕ್ಕಾಚಾರ 2008ರಲ್ಲಿ ಬಂತು. ಅದಕ್ಕೆ ಆಧಾರ ತಲೆಗೆ ಪೆಟ್ಟು ಬಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ. ವಯಸ್ಸು, ಗ್ಲಾಸ್ಗೋ ಅಂಕ, ಕಣ್ಣಿನ ಪಾಪೆಗಳು ಬೆಳಕಿಗೆ ಕಿರಿದಾಗುತ್ತವೆಯೇ, ತಲೆ ಬಿಟ್ಟು ಬೇರೆ ಕಡೆ ದೊಡ್ಡ ಗಾಯ ಇದೆಯೇ ಎಂದು ಕೇಳುತ್ತದೆ. ಸಿಟಿ ಆಗಿದ್ದರೆ ಅದರ ವಿವರವನ್ನೂ ಸೇರಿಸಬಹುದು. 14 ದಿನದೊಳಗೆ ಸಾವಿನ ಸಾಧ್ಯತೆ ಒಂದು, ಆರು ತಿಂಗಳಿಗೆ ಸಾವು ಅಥವಾ ತೀವ್ರ ಅಂಗವೈಕಲ್ಯದ ಸಾಧ್ಯತೆ ಇನ್ನೊಂದು, ಹೀಗೆ ಎರಡು ಸಂಖ್ಯೆ ಕೊಡುತ್ತದೆ. ಎರಡನ್ನೂ ಬೆರೆಸಬೇಡಿ.

ಇದರಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶ ಇದೆ. ದೇಶ ಯಾವುದು ಎಂದೂ ಕೇಳುತ್ತದೆ. ಶ್ರೀಮಂತ ದೇಶಗಳಿಗೂ ಉಳಿದ ದೇಶಗಳಿಗೂ ಬೇರೆಬೇರೆ ಲೆಕ್ಕ ಮಾಡಿದ್ದಾರೆ. ಒಂದೇ ಪೆಟ್ಟು, ಒಂದೇ ವಯಸ್ಸು, ಆದರೂ ಫಲಿತಾಂಶ ಬೇರೆ. ಭಾರತ ಎಂದು ಆರಿಸದೆ ಲೆಕ್ಕ ಹಾಕಿದರೆ ಸಿಗುವ ಉತ್ತರ ನಿಮ್ಮದಲ್ಲ.

ಇಂಪ್ಯಾಕ್ಟ್ ಕೂಡ 2008ರದ್ದೇ. ಗ್ಲಾಸ್ಗೋ 12 ಅಥವಾ ಕಡಿಮೆ ಇದ್ದವರಿಗೆ, ಆರು ತಿಂಗಳ ಲೆಕ್ಕ. ಅದು ಪೂರ್ತಿ ಗ್ಲಾಸ್ಗೋ ಬದಲು ಕೈಕಾಲಿನ ಚಲನೆಯ ಅಂಕವನ್ನಷ್ಟೇ ತೆಗೆದುಕೊಳ್ಳುತ್ತದೆ, ಹಾಗಾಗಿ ಟ್ಯೂಬ್ ಹಾಕಿದವರಿಗೂ ಹೊಂದುತ್ತದೆ.

ಇವೆರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ರಾತ್ರಿ ಎರಡು ಗಂಟೆಗೆ ಐಸಿಯು ಹೊರಗೆ ಕೂತು ನೀವೇ ತುಂಬಿ ನೋಡಬೇಡಿ ಎಂದು ಹೇಳಿದರೂ ಜನ ನೋಡುತ್ತಾರೆ. ನೋಡುವುದಾದರೆ ಪಾಪೆ ಮತ್ತು ಸಿಟಿ ವಿವರವನ್ನು ಊಹಿಸಿ ತುಂಬಬೇಡಿ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿ ತುಂಬಿ.

ಹೆಜ್ಜೆ 6: ದಿನ ಗೊತ್ತಾದ ಆಪರೇಷನ್ ಆದರೆ

ಗಡ್ಡೆ ತೆಗೆಯುವ ಆಪರೇಷನ್‌ಗೆ ಲೆಕ್ಕವೇ ಬೇರೆ. ಇಲ್ಲಿ ರೋಗಿ ನಡೆದುಕೊಂಡು ಬಂದಿರುತ್ತಾರೆ, ಯೋಚಿಸಲು ಸಮಯ ಇರುತ್ತದೆ. ಅರಿವಳಿಕೆ ಡಾಕ್ಟರ್ ಕೊಡುವ ಎಎಸ್‌ಎ ಗ್ರೇಡ್ ದೇಹದ ಒಟ್ಟು ಆರೋಗ್ಯದ್ದು: 1 ಅಂದರೆ ಬೇರೆ ಕಾಯಿಲೆ ಇಲ್ಲ, 4 ಅಂದರೆ ಜೀವಕ್ಕೆ ಕುತ್ತು ತರುವಂಥ ಕಾಯಿಲೆ ಮೊದಲೇ ಇದೆ. ಕಾರ್ನೋಫ್ಸ್ಕಿ ಅಂದರೆ ದಿನದ ಕೆಲಸ ಎಷ್ಟು ಮಾಡಿಕೊಳ್ಳುತ್ತಾರೆ ಎಂಬುದರ ಅಂಕ, 100ರಿಂದ 0ವರೆಗೆ. ತಮ್ಮ ಕೆಲಸ ತಾವು ನೋಡಿಕೊಳ್ಳುತ್ತಾರೆ, ಆದರೆ ದುಡಿಯಲು ಆಗುವುದಿಲ್ಲ ಎಂದರೆ 70.

ಈಚೆಗೆ ಫ್ರೇಲ್ಟಿ, ಅಂದರೆ ದೇಹ ಎಷ್ಟು ಸೊರಗಿದೆ ಎಂಬುದರ ಕಡೆ ಗಮನ ಹೆಚ್ಚಿದೆ. ಐದು ಪ್ರಶ್ನೆಯ ಒಂದು ಸೂಚ್ಯಂಕ ಇದೆ: ಸಕ್ಕರೆ ಕಾಯಿಲೆ, ಮಾತ್ರೆ ಬೇಕಾಗುವ ಬಿಪಿ, ಹೃದಯ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ದಿನದ ಕೆಲಸಕ್ಕೆ ಬೇರೆಯವರ ಆಸರೆ. 75ರ ವಯಸ್ಸಿನಲ್ಲಿ ತೋಟಕ್ಕೆ ಹೋಗಿ ಅಡಿಕೆ ನೋಡಿಕೊಂಡು ಬರುವವರು ಎಷ್ಟೋ ಸಲ 60ರ ಸೊರಗಿದವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ. "ವಯಸ್ಸಾಯ್ತಲ್ವಾ, ಯಾಕೆ ಆಪರೇಷನ್" ಎನ್ನುವ ಮೊದಲು ಡಾಕ್ಟರಿಗೆ ಅವರ ದಿನಚರಿ ಹೇಳಿ. ಇಲ್ಲಿ ರಿಸ್ಕನ್ನು ಸ್ವಲ್ಪ ಇಳಿಸುವ ಅವಕಾಶವೂ ಇದೆ: ಶುಗರ್ ಹತೋಟಿ, ಬೀಡಿ ಸಿಗರೇಟು ಬಿಡುವುದು, ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು ಎಂದು ಕೇಳುವುದು. ಕೇಳದೆ ನೀವೇ ನಿಲ್ಲಿಸಬೇಡಿ.

ಹೆಜ್ಜೆ 7: ಉಳಿದರೆ ಹೇಗೆ ಉಳಿಯುತ್ತಾರೆ ಎಂದು ಕೇಳಿ

ಇದು ಕೇಳಲು ಕಷ್ಟ. ಆದರೂ ಕೇಳಬೇಕು. ಮೆದುಳು ಊದಿಕೊಂಡಾಗ ತಲೆಬುರುಡೆಯ ಒಂದು ಭಾಗ ತೆಗೆದಿಡುವ ಆಪರೇಷನ್ ಇದೆ. 2016ರಲ್ಲಿ ಪ್ರಕಟವಾದ ರೆಸ್ಕ್ಯೂ-ಐಸಿಪಿ ಪ್ರಯೋಗದಲ್ಲಿ, ತಲೆಗೆ ಪೆಟ್ಟು ಬಿದ್ದು ಬೇರೆ ಚಿಕಿತ್ಸೆಗೆ ತಲೆಯೊಳಗಿನ ಒತ್ತಡ ಇಳಿಯದವರನ್ನು ಎರಡು ಗುಂಪು ಮಾಡಿದರು. ಆಪರೇಷನ್ ಮಾಡಿದವರಲ್ಲಿ ಆರು ತಿಂಗಳಿಗೆ ಶೇ. 26.9 ಜನ ತೀರಿಕೊಂಡಿದ್ದರು, ಔಷಧಿಯ ಗುಂಪಿನಲ್ಲಿ ಶೇ. 48.9. ದೊಡ್ಡ ಲಾಭ. ಆದರೆ ಕಣ್ಣು ಬಿಟ್ಟರೂ ಏನೂ ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರು ಆಪರೇಷನ್ ಗುಂಪಿನಲ್ಲಿ ಶೇ. 8.5, ಇನ್ನೊಂದರಲ್ಲಿ ಶೇ. 2.1.

ಸಾವಿನ ಸ್ಕೋರ್ ಈ ಎರಡನೇ ಲೆಕ್ಕ ಹೇಳುವುದೇ ಇಲ್ಲ. "ತಾವಾಗಿ ಊಟ ಮಾಡ್ತಾರಾ, ನಮ್ಮನ್ನ ಗುರುತು ಹಿಡೀತಾರಾ, ನಡೀತಾರಾ" ಎಂದು ನೇರವಾಗಿ ಕೇಳಿ. ರೋಗಿ ಹಿಂದೆ ಎಂದಾದರೂ "ನನಗೆ ಹಾಗೆ ಮಲಗಿರೋದು ಬೇಡ" ಎಂದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹೆಜ್ಜೆ 8: ಮೊದಲ ದಿನವೇ ಕೈಬಿಡಬೇಡಿ

ಈ ಸ್ಕೋರ್‌ಗಳಲ್ಲಿ ಒಂದು ವಿಷವರ್ತುಲ ಅಡಗಿದೆ. ಸ್ಕೋರ್ ಕೆಟ್ಟದಿದೆ ಎಂದು ಚಿಕಿತ್ಸೆ ಸಡಿಲ ಮಾಡುತ್ತಾರೆ. ರೋಗಿ ಸಾಯುತ್ತಾರೆ. ಸ್ಕೋರ್ ಸರಿಯಾಗಿತ್ತು ಎಂದು ಲೆಕ್ಕ ಬರೆಯುತ್ತಾರೆ. ಮುಂದಿನ ರೋಗಿಗೂ ಅದೇ ಲೆಕ್ಕ.

2015ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಗ್ಲಾಸ್ಗೋ 12 ಅಥವಾ ಕಡಿಮೆ ಇದ್ದ ನೂರಕ್ಕೂ ಹೆಚ್ಚು ರಕ್ತಸ್ರಾವದ ರೋಗಿಗಳಿಗೆ ಮೊದಲ ಐದು ದಿನ ಏನೇ ಆಗಲಿ ಪೂರ್ತಿ ಚಿಕಿತ್ಸೆ ಕೊಟ್ಟರು. ಐಸಿಎಚ್ ಸ್ಕೋರ್ ಪ್ರಕಾರ ಅರ್ಧದಷ್ಟು ಜನ 30 ದಿನದಲ್ಲಿ ಸಾಯಬೇಕಿತ್ತು. ಸತ್ತವರು ಐವರಲ್ಲಿ ಒಬ್ಬರು.

ಅಮೆರಿಕದ ಪಾರ್ಶ್ವವಾಯು ಮಾರ್ಗಸೂಚಿಯೂ ಇದೇ ದಾರಿಯಲ್ಲಿದೆ. ರೋಗಿ ಮೊದಲೇ ಬೇಡ ಎಂದು ಹೇಳಿಟ್ಟಿಲ್ಲದಿದ್ದರೆ, ಹೃದಯ ನಿಂತರೆ ಎದೆ ಒತ್ತುವುದು ಬೇಡ ಎಂಬಂಥ ಹೊಸ ತೀರ್ಮಾನವನ್ನು ಆಸ್ಪತ್ರೆಗೆ ಸೇರಿದ ಎರಡನೇ ಪೂರ್ಣ ದಿನದವರೆಗಾದರೂ ಮುಂದಕ್ಕೆ ಹಾಕಿ ಎನ್ನುತ್ತದೆ. ಬರೀ ಒಂದು ಸ್ಕೋರ್ ನೋಡಿ, ಬಂದ ರಾತ್ರಿಯೇ ಅಂಥ ಕಾಗದಕ್ಕೆ ಸಹಿ ಹಾಕುವ ಅಗತ್ಯ ಇಲ್ಲ. ಇದರರ್ಥ ಎಷ್ಟು ದಿನವಾದರೂ ವೆಂಟಿಲೇಟರ್ ಮೇಲೆ ಇಟ್ಟುಕೊಂಡು ಕಾಯಬೇಕು ಎಂದಲ್ಲ. ಎರಡು ಮೂರು ದಿನದ ನಂತರವೂ ಗ್ಲಾಸ್ಗೋ ಅಂಕ ಇಳಿಯುತ್ತಲೇ ಇದ್ದರೆ ಆ ಸುದ್ದಿಗೆ ಮೊದಲ ದಿನದ ಸ್ಕೋರಿಗಿಂತ ಜಾಸ್ತಿ ತೂಕ.

ನಮ್ಮಲ್ಲಿ ಇನ್ನೊಂದು ಗಂಟು ಇದೆ: ದುಡ್ಡು. ಐಸಿಯು ಬಿಲ್ ಹೆದರಿಸಿದಾಗ ಕೆಟ್ಟ ಸ್ಕೋರ್ ಒಂದು ನೆಪವಾಗುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದಿಲ್ಲ, ಆದರೆ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ. ಹಣದ ಮಾತನ್ನು ಹಣದ ಮಾತಾಗಿಯೇ ಆಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇರುವ ಆಸ್ಪತ್ರೆಯಾದರೆ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ. ಸರ್ಕಾರಿ ಆಸ್ಪತ್ರೆಗೆ ಸಾಗಿಸಲು ರೋಗಿಯ ಸ್ಥಿತಿ ತಡೆಯುತ್ತದೆಯೇ ಎಂದು ಕೇಳಿ.

ಹೆಜ್ಜೆ 9: ಸಹಿಗೆ ಮುಂಚೆ ಕೇಳುವ ಪ್ರಶ್ನೆಗಳು

ಮನೆಯಿಂದ ಒಬ್ಬರೇ ಕೇಳಿ. ಐದು ಜನ ಐದು ಸಲ ಕೇಳಿದರೆ ಐದು ಉತ್ತರ ಮನೆಗೆ ಹೋಗುತ್ತವೆ. ಹೀಗೆ ಕೇಳಬಹುದು:

"ಸರ್, ಈ ಪರ್ಸೆಂಟೇಜ್ ಯಾವ ಸ್ಕೋರಿಂದ ಬಂತು? ಬಂದ ಕೂಡಲೇ ಹಾಕಿದ್ದಾ, ಈಗಿನದಾ?"

"ಇದು 14 ದಿನದ್ದಾ, 30 ದಿನದ್ದಾ, ಆರು ತಿಂಗಳದ್ದಾ?"

"ಸ್ಕೋರಿನಲ್ಲಿ ಸೇರದೇ ಇರೋದು ನಮ್ಮ ಪೇಷಂಟಲ್ಲಿ ಏನಿದೆ? ಒಳ್ಳೇದು, ಕೆಟ್ಟದ್ದು ಎರಡೂ ಹೇಳಿ."

"ಇಂಥ ಕೇಸುಗಳಲ್ಲಿ ನಿಮ್ಮ ಆಸ್ಪತ್ರೆಯ ಅನುಭವ ಹೇಗಿದೆ?"

ಕೊನೆಯ ಪ್ರಶ್ನೆಗೆ ಖಚಿತ ಸಂಖ್ಯೆ ಸಿಗದಿರಬಹುದು. ಆದರೂ ಮೆದುಳಿನ ಆಪರೇಷನ್ ದಿನವೂ ನಡೆಯುವ ಜಾಗ ಯಾವುದು, ಅಪರೂಪಕ್ಕೆ ನಡೆಯುವ ಜಾಗ ಯಾವುದು ಎಂಬುದು ಉತ್ತರದಲ್ಲೇ ಗೊತ್ತಾಗುತ್ತದೆ.

ಆಪರೇಷನ್ ಮುಗಿದ ಮೇಲೆ ಹಳೆಯ ಸ್ಕೋರಿನ ಕೆಲಸ ಬಹುಪಾಲು ಮುಗಿಯಿತು. "ಈಗ ಎಷ್ಟು ಪರ್ಸೆಂಟ್?" ಎಂದು ದಿನಾ ಕೇಳುವ ಬದಲು ಇಷ್ಟು ಕೇಳಿ: ನಿದ್ದೆ ಔಷಧಿ ನಿಲ್ಲಿಸಿದ್ದೀರಾ, ನಿಲ್ಲಿಸಿದ ಮೇಲೆ ಎಂ ಎಷ್ಟಿದೆ, ನಿನ್ನೆ ಎಷ್ಟಿತ್ತು, ಪಾಪೆ ಎರಡೂ ಸಮ ಇವೆಯಾ, ಸಿಟಿ ಮತ್ತೆ ಯಾವಾಗ. ತಾರೀಖು ಮತ್ತು ಗಂಟೆ ಹಾಕಿ ಬರೆದಿಡಿ. ಬೇರೆ ಆಸ್ಪತ್ರೆಯ ಡಾಕ್ಟರಿಂದ ಎರಡನೇ ಅಭಿಪ್ರಾಯ ಪಡೆಯುವಾಗ ಆ ಪುಟವನ್ನೂ ಸಿಟಿ ಫಿಲ್ಮನ್ನೂ ಒಟ್ಟಿಗೆ ತೋರಿಸಿ.